ಚಿಕ್ಕ ಬಿ ಬ್ಲಾಕಿನಲ್ಲಿ ನೀರಿಲ್ಲ

"ಇವತ್ತಿಂದ ಈ ಕಟ್ಟಡದಲ್ಲಿ ಬಾಯಿಮಾತಿನ ಆಡಳಿತ ಬಂದ್!"

ನಿವಾಸಿಗಳ ಸಂಘದ ಕಾರ್ಯದರ್ಶಿಗಳು ತಮ್ಮ ಸಿಂಹಾಸನದಿಂದ, ಅಂದರೆ ಕಾಲು ಅಲ್ಲಾಡುವ ಊಟದ ಕುರ್ಚಿಯಿಂದ, ಘೋಷಿಸಿದರು. ಮಾರನೆಯ ದಿನ ಬಿ ಬ್ಲಾಕಿನ ಟ್ಯಾಂಕ್ ತೊಳೆಯುವುದಿತ್ತು. ಲ್ಯಾಪ್‌ಟಾಪಿನಲ್ಲಿ ಒಂದು ಪತ್ರ ಬರೆದು ಮೇಲ್ ಮರ್ಜ್ ಒತ್ತಿದರೆ ಸಾಕು, ಮನೆಮನೆಗೂ ಹೆಸರು ಹಿಡಿದು ಕರೆಯುವ ಇಮೇಲ್!

"ಏನ್ರೀ ಅಂಥಾ ವಿಷಯ?" ಎಂದಳು ಹೆಂಡತಿ.

"ನಿನಗೂ ಪತ್ರ ಬರುತ್ತೆ, ಓದ್ಕೋ. ಸಂಘದ ಮುಂದೆ ಹೆಂಡತಿಯೂ ಒಬ್ಬ ನಿವಾಸಿ ಕಣೇ."

"ಸುಮ್ನೆ ಬಾಗಿಲು ತಟ್ಟಿ ಹೇಳಿಬಿಡಿ, ಮುಗೀತು."

"ತಟ್ಟೋದಾ? ನಾನಾ?"

ಛಲ ಏರಿತು. ನಿವಾಸಿಗಳೇ ಇಂಗ್ಲಿಷಿನಲ್ಲಿ ತುಂಬಿದ್ದ ಪಟ್ಟಿಯಲ್ಲಿ ಬ್ಲಾಕ್ 'ಬಿ' ಎಂದಿರುವವರನ್ನು ಮಾತ್ರ ಸೋಸಿ, ಪತ್ರದ ತುದಿಯಲ್ಲಿ ಪ್ರತಿಜ್ಞೆಯನ್ನೂ ಜಡಿದರು: 'ಈ ಪತ್ರ ತಲುಪದ ಮನೆಗೆ ಕಾರ್ಯದರ್ಶಿಯೇ ನೀರು ಹೊತ್ತು ತರುವರು.'

ಬೆಳಿಗ್ಗೆ ಕಾರ್ಯದರ್ಶಿಗಳು ಎಲ್ಲರಿಗಿಂತ ಮೊದಲು ಸ್ನಾನ ಮುಗಿಸಿ ಪೇಪರ್ ಬಿಡಿಸಿದರು. ನಲ್ಲಿಗಳು ನಿಂತವು. ಕರೆಗಂಟೆ ಹೊಡೆದುಕೊಂಡಿತು. ಬಾಗಿಲಲ್ಲಿ ಎರಡನೇ ಮಹಡಿಯ ಹಲ್ಲಿನ ಡಾಕ್ಟರು! ಬಾಯಿ ತುಂಬ ಪೇಸ್ಟಿನ ನೊರೆ. ಮಾತಾಡುವಂತಿಲ್ಲ, ಬ್ರಷ್ಷಿನಲ್ಲೇ ಬೈದರು. ಹಿಂದೆಯೇ ಮೈಯೆಲ್ಲ ಸೋಪಿನ ಡ್ರೈವರು, ಪಾತ್ರೆ ಹಿಡಿದ ನರ್ಸಮ್ಮ. ಪತ್ರ ಸಿಕ್ಕಿದ್ದ ಪಕ್ಕದ ಮನೆಯವರು ಫೋನು ತೆಗೆದು ಪ್ರತಿಜ್ಞೆಯನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದರು.

ಕಾರ್ಯದರ್ಶಿಗಳು ಲ್ಯಾಪ್‌ಟಾಪಿಗೆ ಹಾರಿದರು. ಕನ್ನಡದ ಅಕ್ಷರಗಳಿಗೆ ಈ ದೊಡ್ಡಸ್ತಿಕೆ ಇಲ್ಲ. ಇಂಗ್ಲಿಷಿನ ಬಿ ಇದೆಯಲ್ಲ, ಅದರಲ್ಲಿ ದೊಡ್ಡದು ಬೇರೆ, ಚಿಕ್ಕದು ಬೇರೆ! ಸೋಸಲು ಕೊಟ್ಟದ್ದು ದೊಡ್ಡ ಬಿ. ನಿವಾಸಿಗಳಲ್ಲಿ ಅರ್ಧ ಜನ ತುಂಬಿದ್ದು ಚಿಕ್ಕ ಬಿ. ಕಂಪ್ಯೂಟರು ಅವರನ್ನೆಲ್ಲ ಕಟ್ಟಡದಿಂದಲೇ ಹೊರಹಾಕಿತ್ತು.

"ರೀ!" ಬಚ್ಚಲಿನಿಂದ ಗರ್ಜನೆ. "ತಲೆ ತುಂಬ ಬಣ್ಣ ಹಚ್ಕೊಂಡಿದೀನಿ! ಸ್ಕೂಲಲ್ಲಿ ಇನ್‌ಸ್ಪೆಕ್ಷನ್ ಇದೆ! ನೀರೆಲ್ಲಿ?"

"ನಿನಗೆ... ಪತ್ರ ಬರಲಿಲ್ವಾ?"

"ಯಾವ ಪತ್ರ?"

ಅವರು ಪಟ್ಟಿಯಲ್ಲಿ ಸ್ವಂತ ಮನೆಯ ಸಾಲು ನೋಡಿದರು. ಚಿಕ್ಕ ಬಿ! ಹುದ್ದೆಯಲ್ಲಿರುವವರಿಗೆ ವಿನಯ ಬೇಕೆಂದು ಎಲ್ಲವನ್ನೂ ಚಿಕ್ಕಕ್ಷರದಲ್ಲೇ ತುಂಬಿದ್ದವರು ಸಾಕ್ಷಾತ್ ಕಾರ್ಯದರ್ಶಿಗಳು!

ಎ ಬ್ಲಾಕಿನ ನಲ್ಲಿಯಿಂದ ಮೊದಲ ಬಕೆಟ್ ಏದುಸಿರು ಬಿಡುತ್ತಾ ಮನೆಗೇ ಬಂತು. ಬಚ್ಚಲ ಬಾಗಿಲು ಒಂದು ಕೈಯಗಲ ತೆರೆದು ಬಕೆಟ್ಟನ್ನು ಒಳಗೆಳೆದುಕೊಂಡಿತು.

"ಉಳಿದವರಿಗೂ ಕೊಟ್ಟು ಬನ್ನಿ," ಎಂದಿತು ಒಳಗಿನ ದನಿ. "ಬಕೆಟ್ ಇಟ್ಟು ಸುಮ್ನೆ ಬಂದ್ಬಿಟ್ರೆ ಅವರಿಗೆ ಹೇಗೆ ಗೊತ್ತಾಗುತ್ತೆ? ಅದಕ್ಕೂ ಇಮೇಲ್ ಮಾಡ್ತೀರಾ?"

ಕಾರ್ಯದರ್ಶಿಗಳು ಎರಡನೇ ಬಕೆಟ್ಟಿನೊಂದಿಗೆ ಮಹಡಿ ಹತ್ತಿದರು. ಹಲ್ಲಿನ ಡಾಕ್ಟರ ಮನೆಯ ಮುಂದೆ ನಿಂತು ಸುತ್ತ ನೋಡಿದರು. ಆಮೇಲೆ ಮೆಲ್ಲಗೆ ಬಾಗಿಲು ತಟ್ಟಿದರು.