ಕೆಂಪು ಆಕಾಶ, ನೀಲಿ ಗುಲಾಬಿ

ಎಲ್ಲದಕ್ಕೂ ಕಾರಣ ಅತ್ತಿಗೆಯ ಕೈಯಲ್ಲಿದ್ದ, ಭವಿಷ್ಯ ಹೇಳುವ ಒಂದು ಕಟ್ಟು ಟ್ಯಾರೋ ಕಾರ್ಡು. ಅದನ್ನು ಪ್ರೆಸ್ಸಿನಿಂದ ತಂದುಕೊಟ್ಟವನೂ ಇವನೇ, ಇನ್ಯಾರನ್ನು ಬೈಯುವುದು!

ಇವನು ಪ್ರೆಸ್ಸಿನಲ್ಲಿ ಬಣ್ಣದ ಮೆಷಿನ್ ನಡೆಸುವವನು. ಎಲ್ಲರೂ ಕರೆಯುವುದು ಕನಸಪ್ಪ ಎಂದೇ. ಕೈ ಮೆಷಿನ್ ಮೇಲಿದ್ದರೆ ಮನಸ್ಸು ಎಂಟು ಹೆಜ್ಜೆ ಆಚೆಯ ಗಾಜಿನ ಕೋಣೆಯಲ್ಲಿ ತೇಲುತ್ತಿರುತ್ತಿತ್ತು. ಆ ಕೋಣೆಯಲ್ಲಿ ಪ್ರೂಫ್ ಓದುವವಳು ಕೂರುತ್ತಿದ್ದಳು. ‘ನನ್ನನ್ನು ಮದುವೆ ಆಗ್ತೀರಾ’ ಎಂಬ ಮಾತು ಮೂರು ವರ್ಷದಿಂದ ಇವನ ಗಂಟಲಲ್ಲೇ ಮನೆ ಮಾಡಿಕೊಂಡಿತ್ತು.

ಬಂದವರಿಗೆಲ್ಲ ಕಾರ್ಡು ನೋಡಿ ಹೇಳುತ್ತಿದ್ದ ಅತ್ತಿಗೆ ಆ ಬೆಳಿಗ್ಗೆ ಇವನ ಮುಂದೂ ಮೇಜಿನ ಮೇಲೆ ಕಾರ್ಡು ಹರಡಿ, “ಒಂದು ತೆಗಿ” ಎಂದಳು. ತೆಗೆದ. ಚಿತ್ರದಲ್ಲಿ ಗಂಡು ಹೆಣ್ಣಿನ ಜೋಡಿಯೊಂದು ಕೈ ಕೈ ಹಿಡಿದು ನಿಂತಿತ್ತು.

“ಅಯ್ಯೋ, ಆಕಾಶ ನೋಡೋ, ಪೂರ್ತಿ ಕೆಂಪು! ಕೆಂಪು ಅಂದ್ರೆ ಪ್ರೀತಿ, ಧೈರ್ಯ. ಇಬ್ಬರ ಕೆನ್ನೆನೂ ಹಸಿರು. ಹಸಿರು ಅಂದ್ರೆ ಹೊಸ ಚಿಗುರು. ಇವತ್ತೇ ಕೇಳಿಬಿಡು. ಕೇಳದೆ ಬಂದ್ರೆ ರಾತ್ರಿ ಊಟ ಇಲ್ಲ!”

ಹಸಿರು ಕೆನ್ನೆಯ ಮನುಷ್ಯರನ್ನು ಕಂಡೂ ಇವನಿಗೆ ಏನೂ ಅನ್ನಿಸಲಿಲ್ಲ. ದಿನವಿಡೀ ಬಣ್ಣದಲ್ಲೇ ಮುಳುಗಿರುವವನು ಮನೆಯಲ್ಲಿ ಬಣ್ಣ ಎಲ್ಲಿ ನೋಡುತ್ತಾನೆ? ಅವನಾಗಲೇ ಆ ಕೆಂಪು ಆಕಾಶದೊಳಕ್ಕೆ ಹೊಕ್ಕುಬಿಟ್ಟಿದ್ದ. ಅಲ್ಲಿ ಗಾಳಿ ಬೆಚ್ಚಗಿತ್ತು, ನೆಲ ಹತ್ತಿಯಷ್ಟು ಮೆತ್ತಗಿತ್ತು, ಅವಳು ಎದುರು ನಿಂತು ನಗುತ್ತಿದ್ದಳು. ಹಾಗೇ ತೇಲುತ್ತ ಮೆಟ್ಟಿಲಿಳಿದ.

ಅತ್ತಿಗೆಯ ದನಿ ಗೋಡೆ ದಾಟುವಂಥದ್ದು. ಕೆಳಗಿನ ಮನೆಯ ದರ್ಜಿ ಬಾಗಿಲಲ್ಲೇ ಅಡ್ಡ ಹಾಕಿದ. “ಕೆಂಪು ಬಂದಿದೆಯಂತೆ! ಈ ಬೂದು ಶರ್ಟಲ್ಲಿ ಹೋಗ್ತೀಯಾ? ತೆಗಿ, ತೆಗಿ!” ಯಾವುದೋ ಗಿರಾಕಿಯ ಕೆಂಪು ಶರ್ಟನ್ನು ಇವನ ಮೈಮೇಲೆ ಏರಿಸಿಯೇಬಿಟ್ಟ. ಅಳತೆ ಎರಡು ಬೆರಳು ಚಿಕ್ಕದು. “ಜೋರಾಗಿ ಉಸಿರು ಎಳೀಬೇಡ, ಅಷ್ಟೇ.”

ಪ್ರೆಸ್ಸಿನಲ್ಲಿ ಫೋರ್‌ಮನ್ ನೋಡಿದವನೇ, “ಏನಪ್ಪಾ ಕನಸಪ್ಪ, ಬೆಂಕಿ ಆರಿಸೋಕೆ ಹೊರಟಿದೀಯಾ?” ಎಂದು ನಕ್ಕ. ವಿಷಯ ಬಾಯಿ ಬಿಡಿಸಿಕೊಂಡ ಮೇಲಂತೂ ಇಡೀ ಪ್ರೆಸ್ಸು ಕೆಲಸ ಬಿಟ್ಟು ಗಾಜಿನ ಕೋಣೆಯತ್ತಲೇ ಕಣ್ಣು ನೆಟ್ಟಿತು. ಬೈಂಡಿಂಗಿನ ಮುದುಕ, “ನೇರ ವಿಷಯಕ್ಕೆ ಬಾ, ಹವಾಮಾನದಿಂದ ಶುರು ಮಾಡಬೇಡ” ಎಂದು ಬುದ್ಧಿ ಹೇಳಿದ.

ಧೈರ್ಯ ತುಂಬಿಕೊಳ್ಳಲು ಇವನು ಜೋರಾಗಿ ಉಸಿರೆಳೆದ. ಪಟ್ ಎಂದು ಗುಂಡಿ ಹಾರಿ ನೀಲಿ ಇಂಕಿನ ತೊಟ್ಟಿಗೆ ಬಿತ್ತು. ಮೆಷಿನ್ ನಿಲ್ಲಿಸಿ ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಬಲಗೈ ಮೊಣಕೈವರೆಗೂ ನೀಲಿಯಾಯಿತು.

“ಹೋಗಿ ಕೇಳಿಬಿಟ್ಟು ಬಾ ಪುಣ್ಯಾತ್ಮ! ಇಲ್ಲಾಂದ್ರೆ ಈ ಮೆಷಿನ್ ಉಳಿಯಲ್ಲ” ಎಂದು ಫೋರ್‌ಮನ್ ಇವನನ್ನು ಗಾಜಿನ ಕೋಣೆಯೊಳಕ್ಕೆ ತಳ್ಳಿ ಬಾಗಿಲು ಹಾಕಿದ.

ಕೇಳಿದ. ಮೂರು ವರ್ಷದ ಮಾತು ಮೂರೇ ಕ್ಷಣದಲ್ಲಿ ಮುಗಿದುಹೋಯಿತು.

ಅವಳು ಕೈಯಲ್ಲಿದ್ದ ಪ್ರೂಫಿನ ಹಾಳೆ ಕೆಳಗಿಟ್ಟಳು. “ನಾನೂ ಮೂರು ವರ್ಷ ಕಾದೆ ರೀ. ಹದಿನೈದು ದಿನದ ಹಿಂದೆ ನಿಮ್ಮ ಅತ್ತಿಗೆ ಹತ್ರ ಕಾರ್ಡು ತೆಗೆಸಿದೆ. ನಿಮ್ಮ ಹೆಸರೂ ಹೇಳಲಿಲ್ಲ, ನಾನು ಯಾರು ಅಂತಲೂ ಹೇಳಲಿಲ್ಲ. ಒಬ್ಬರು ಬಾಯೇ ಬಿಡಲ್ಲ, ಇನ್ನೂ ಕಾಯಲಾ ಅಂತ ಕೇಳಿದೆ.”

“ಏನು ಬಂತು?”

“ಕೈತುಂಬ ಗುಲಾಬಿ ಹಿಡಿದವನು. ಗುಲಾಬಿ ಎಲ್ಲಾ ನೀಲಿ. ನೀಲಿ ಅಂದ್ರೆ ಬರೀ ತಣ್ಣೀರು, ಅವನ ಎದೆಯಲ್ಲಿ ಪ್ರೀತಿನೇ ಇಲ್ಲ, ಬಿಟ್ಟುಬಿಡು ಅಂದ್ರು ಅತ್ತಿಗೆ. ನಮ್ಮ ಪ್ರೆಸ್ಸಿಗೆ ಕಾಗದ ಸರಬರಾಜು ಮಾಡ್ತಾರಲ್ಲ, ಅವರು ಮದುವೆಗೆ ಕೇಳಿದ್ರು. ಮೊನ್ನೆ ಮಾತು ಕೊಟ್ಟೆ, ಇಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಒಳ್ಳೆಯವರು.”

“ಗುಲಾಬಿ ನೀಲಿನಾ?” ಇವನು ಮೊದಲ ಸಲ ಕನಸಿನಿಂದ ಪೂರ್ತಿ ಎಚ್ಚರಾದ. “ಇಲ್ಲ ರೀ, ಗುಲಾಬಿ ಕೆಂಪು! ಆಕಾಶ ನೀಲಿ! ಆ ಕಾರ್ಡು ಪ್ರಿಂಟ್ ಮಾಡಿದ್ದು ನಾನೇ...” ಎಂದವನು ತನ್ನ ನೀಲಿ ಕೈ, ಕೆಂಪು ತೋಳು ನೋಡಿಕೊಂಡ.

ಆಮೇಲೆ ಮೆಲ್ಲಗೆ ಹೇಳಿದ. “ಆ ಕಾರ್ಡು ಅಚ್ಚಾದ ದಿನ ನೀವು ಮಳೇಲಿ ನೆನೆದು ಬಂದಿದ್ರಿ. ನನ್ನ ಮೆಷಿನ್ ಪಕ್ಕ ನಿಂತು, ತಲೆ ಒರೆಸಿಕೊಳ್ತಾ ನನ್ನ ಕಡೆ ನೋಡಿ ನಕ್ಕಿರಿ. ನಾನು ಕೆಂಪಿನ ತೊಟ್ಟಿಗೆ ನೀಲಿ ಸುರಿದೆ, ನೀಲಿಯದಕ್ಕೆ ಕೆಂಪು. ಕೆಟ್ಟುಹೋದ ಕಟ್ಟುಗಳನ್ನ ಫೋರ್‌ಮನ್ ಮೂಲೆಗೆ ಹಾಕಿಸಿದ್ರು. ಅದರಲ್ಲೇ ಒಂದನ್ನ ನೋಡದೆ ಎತ್ತಿಕೊಂಡು ಹೋಗಿ ಅತ್ತಿಗೆಗೆ ಕೊಟ್ಟೆ.”

ಅವಳ ಕಣ್ಣು ತುಂಬಿತು. ಗಾಜಿನಾಚೆ ನಿಂತವರಿಗೆ ಮಾತು ಕೇಳಿಸುವಂತಿರಲಿಲ್ಲ. ಅದು ಆನಂದಬಾಷ್ಪವೆಂದೇ ತಿಳಿದು ಅವರು ಜೋರಾಗಿ ಚಪ್ಪಾಳೆ ತಟ್ಟತೊಡಗಿದರು.

ಅವಳು ಕಣ್ಣೊರೆಸಿಕೊಂಡು ಮೇಜಿನ ಮೇಲಿದ್ದ ಒಂದು ಹಾಳೆಯನ್ನು ಇವನತ್ತ ಸರಿಸಿದಳು. ಅವಳದೇ ಮದುವೆಯ ಕರೆಯೋಲೆ, ಸುತ್ತ ಗುಲಾಬಿಯ ಅಂಚು.

“ಇದು ನಿಮ್ಮ ಮೆಷಿನ್ ಪಾಲಿಗೇ ಬರುತ್ತೆ. ಗುಲಾಬಿ ಕೆಂಪಗೇ ಬರಲಿ ರೀ,” ಎಂದಳು. “ಇದು ಅಚ್ಚಾಗೋ ದಿನ ಮಾತ್ರ ನಾನು ಮೆಷಿನ್ ಕಡೆ ಬರಲ್ಲ.”