ಹತ್ತಿಬೀಜದ ಭಾಷಣ

ತಿಳಿಯದ ಹಾಗೆ ಮಾತಾಡುವವನಿಂದ ಊರಿಗೆ ಹೆಚ್ಚಿನ ಕೇಡಿಲ್ಲ. ಜನ ಆಕಳಿಸುತ್ತಾರೆ, ಎಲೆಅಡಿಕೆ ಹಾಕಿಕೊಳ್ಳುತ್ತಾರೆ, ಎದ್ದು ಮನೆಗೆ ಹೋಗುತ್ತಾರೆ. ಕೇಡು ಇರುವುದು ತಿಳಿಯುವ ಹಾಗೆ ಮಾತಾಡುವವನಿಂದ. ಇದನ್ನು ನಾನು ಎಲ್ಲೋ ಓದಿ ಹೇಳುತ್ತಿಲ್ಲ. ಎಪ್ಪತ್ತರ ದಶಕದಲ್ಲಿ ಕುಂದಗೋಳ ತಾಲೂಕಿನ ಹಳ್ಳಿಹಳ್ಳಿಗೆ ಹೋಗಿ ಆರೋಗ್ಯದ ಮೇಲೆ ಭಾಷಣ ಮಾಡುವುದೇ ನನ್ನ ನೌಕರಿಯಾಗಿತ್ತು. ಅದಕ್ಕಾಗಿ ಸರಕಾರ ಒಂದು ಸೈಕಲ್ಲನ್ನೂ ಸುರುಳಿ ಸುತ್ತಿದ ಕೆಲವು ನಕಾಶೆಗಳನ್ನೂ ಕೊಟ್ಟಿತ್ತು. ಬಾಯಿ ಮಾತ್ರ ನನ್ನ ಸ್ವಂತದ್ದು.

ಮಲೇರಿಯಾ, ನಾರುಹುಣ್ಣು, ವಾಂತಿಭೇದಿ ಇರುವವರೆಗೆ ನನ್ನ ಗಾಡಿ ಸುರಳೀತ ಓಡಿತು. ಸೊಳ್ಳೆಯನ್ನು ಎಷ್ಟು ಬೈದರೂ ಯಾರಿಗೂ ಸಿಟ್ಟು ಬರುವುದಿಲ್ಲ. ಮೇಲಿನವರು ‘ರಕ್ತಸಂಬಂಧದ ಮದುವೆ ಮತ್ತು ಅನುವಂಶೀಯತೆ’ ಎಂಬ ಹೊಸ ವಿಷಯ ಕೊಟ್ಟರು ನೋಡಿ, ತ್ರಾಸು ಅಲ್ಲಿಂದ ಶುರುವಾಯಿತು. ನಮ್ಮ ಕಡೆ ಅಕ್ಕನಿಗೆ ಹೆಣ್ಣು ಹುಟ್ಟಿದರೆ ತಮ್ಮನಿಗೆ ಹೆಂಡತಿ ಹುಟ್ಟಿದಳೆಂದು ಸಕ್ಕರೆ ಹಂಚುವವರಿದ್ದಾರೆ. ಅಂಥವರ ಮುಂದೆ ನಿಂತು ಇದನ್ನು ಬಿಡಿರಿ ಎನ್ನಬೇಕು. ಅದರ ಮೇಲೆ ನನ್ನ ಹೆಂಡತಿ ನನ್ನ ಸ್ವಂತ ಸೋದರಮಾವನ ಮಗಳು. ಮನೆಯಲ್ಲಿ ಭಾಷಣದ ತಾಲೀಮು ನಡೆಸಿದ್ದಾಗ ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಿ, ತನ್ನನ್ನು ಮಲೇರಿಯಾದ ಸಾಲಿಗೆ ಸೇರಿಸಿದ್ದು ಎಂದಿನಿಂದ ಎಂದು ಕೇಳಿದಳು. ಎಲ್ಲರಿಗೂ ಹಾಗಾಗುವುದಿಲ್ಲ, ಮನೆತನದಲ್ಲಿ ಅಡಗಿದ ದೋಷ ಇದ್ದವರಿಗೆ ಭಯ ಜಾಸ್ತಿ ಎಂದು ವಿವರಿಸಲು ಹೋದೆ. ನಮ್ಮ ಅಪ್ಪನ ಮನೆತನಕ್ಕೆ ದೋಷ ಹಚ್ಚಿದಿರಿ ಎಂದಳು. ಆಮೇಲೆ ಕೆಲವು ದಿನ ನಮ್ಮ ಮನೆಯ ಪಲ್ಯದಲ್ಲಿ ಉಪ್ಪಿರಲಿಲ್ಲ.

ಇಲಾಖೆಯ ನಕಾಶೆಯಂತೂ ದೇವರಿಗೇ ಪ್ರೀತಿ. ಅದರಲ್ಲಿ ವರ್ಣತಂತುಗಳೆಂದು ಕೆಂಪು ನೀಲಿ ತುಂಡುಗಳನ್ನು ಬರೆದು, ಕೆಳಗೆ ‘ಸುಪ್ತ ಗುಣ’, ‘ಪ್ರಬಲ ಗುಣ’ ಎಂದು ಅಚ್ಚು ಹಾಕಿದ್ದರು. ಮೊದಲ ಸಲ ಅದನ್ನು ಬಿಡಿಸಿ ಗೋಡೆಗೆ ತೂಗುಹಾಕಿ ಗಂಟಲು ಹರಿಯುವಂತೆ ಮಾತಾಡಿದೆ. ಕಡೆಗೆ ಒಬ್ಬ ಮುದುಕರು ಎದ್ದು ನಿಂತು, ಹೊಟ್ಟೆಯೊಳಗೆ ಇಷ್ಟು ಹುಳ ಇದ್ದರೆ ಔಷಧ ಎಲ್ಲಿ ಸಿಗುತ್ತದೆ ಎಂದು ಕಳಕಳಿಯಿಂದ ಕೇಳಿದರು. ಜನ ಆಸಕ್ತಿಯಿಂದ ಪ್ರಶ್ನೆ ಕೇಳಿದರು ಎಂದು ನಾನು ಮೇಲಿನವರಿಗೆ ವರದಿ ಕಳಿಸಿದೆ.

ಸಂಶಿ ಎಂಬ ಹಳ್ಳಿಯಲ್ಲಿ ಭಾಷಣ ನಿಗದಿಯಾದಾಗ ಒಬ್ಬ ಹುಡುಗಿ ದವಾಖಾನೆಯ ಹತ್ತಿರ ನನ್ನನ್ನು ಕಾಯುತ್ತ ನಿಂತಿದ್ದಳು. ಹೆಸರು ಕಸ್ತೂರಿ. ಮ್ಯಾಟ್ರಿಕ್ ಮುಗಿಸಿ ಹೊಲಿಗೆ ಕಲಿಯುತ್ತಿದ್ದಳು. ಅವಳ ತಾಯಿಯನ್ನು ತಾಯಿಯ ಸೋದರಮಾವನಿಗೇ ಕೊಟ್ಟಿದ್ದರು. ಚೊಚ್ಚಲ ಮಗ ಬಸವರಾಜ ಹುಟ್ಟುಕಿವುಡನಾದ, ಹಾಗಾಗಿ ಮಾತೂ ಬರಲಿಲ್ಲ. ಆಳೆತ್ತರ ಬೆಳೆದವನು, ಎತ್ತಿನ ಕೆಲಸದಲ್ಲಿ ಗಟ್ಟಿಗ. ಆದರೂ ರಸ್ತೆಗೆ ಬಂದರೆ ತಾಯಿ ಅವನ ಬಾಜೂಕ್ಕೆ ನಡೆಯಬೇಕು, ಬಸ್ಸಿನ ಹಾರ್ನು ಅವನಿಗೆ ಕೇಳುವುದಿಲ್ಲ. ಈಗ ಕಸ್ತೂರಿಯನ್ನು ತಾಯಿಯ ತಮ್ಮ ಮಲ್ಲಪ್ಪನಿಗೆ ಕೊಡಬೇಕೆಂದು ಮನೆಯಲ್ಲಿ ಮಾತು ನಡೆದಿತ್ತು. ಆ ಮನೆಯಲ್ಲಿ ಕೊನೆಯ ಮಾತು ಚನ್ನಬಸಪ್ಪಜ್ಜನದು. ಅವನು ಕಸ್ತೂರಿಯ ತಾಯಿಗೂ ಮಲ್ಲಪ್ಪನಿಗೂ ತಂದೆ.

ಹುಡುಗಿ ಅಳಲಿಲ್ಲ, ಕರೆಯಲಿಲ್ಲ. “ಮಾಮಾನ ಮ್ಯಾಲ ನನಗ ಸಿಟ್ಟಿಲ್ರಿ ಸರ, ಅಂವ ಛಲೋ ಮನಷ್ಯಾನ ಅದಾನ. ಆದ್ರ ಅಣ್ಣನ್ನ ಬೆಳಸೂದ್ರಾಗ ನಮ್ಮವ್ವ ಏನೇನು ಉಂಡಾಳ, ನಾ ನೋಡೇನಿ. ನನ್ನ ಕೂಸಿಗೆ ಹಂಗ ಆಗಬಾರದು. ನಮ್ಮಜ್ಜಗ ತಿಳಿಯೂ ಹಂಗ ಹೇಳ್ರಿ” ಎಂದಳು.

ತಿಳಿಯುವ ಹಾಗೆ! ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆ ಸಲ ನಕಾಶೆಯನ್ನು ಬಿಚ್ಚಲೇ ಇಲ್ಲ. ಆಗ ನಮ್ಮ ಎರೆಹೊಲಗಳಿಗೆ ಹೈಬ್ರಿಡ್ ಹತ್ತಿ ಹೊಸದಾಗಿ ಬಂದಿತ್ತು. ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಹೆಣದ ಹಿಂದೆ ಹೋಗುವಾಗ ಕೂಡ ಅದರದೇ ಮಾತು. ಅದನ್ನೇ ಹಿಡಿದೆ. ಅದೇ ಬೀಜವನ್ನು ಅದೇ ಅದೇ ಮನೆತನದೊಳಗೆ ತಿರುಗಿಸುತ್ತ ಹೋದರೆ ಒಳಗೆ ಅಡಗಿದ ದೋಷ ದೋಷಕ್ಕೆ ಕೂಡಿ ಹೊರಗೆ ಬೀಳುತ್ತದೆ. ದೂರದ ಎರಡು ಜಾತಿ ಕೂಡಿಸಿದ ಹೈಬ್ರಿಡ್ ಹೇಗೆ ಎದೆಯೆತ್ತರ ನಿಲ್ಲುತ್ತದೆ ನೋಡಿರಿ. ಸಂಬಂಧವೂ ಹಾಗೇ, ದೂರದಿಂದ ತರಬೇಕು ಎಂದೆ. ಸಾಲೆಯ ಅಂಗಳದಲ್ಲಿ ಒಬ್ಬನೂ ಆಕಳಿಸಲಿಲ್ಲ. ಕಡೆಗೆ, ಕೂಸಿಗೆ ಕಿವಿ ಕೇಳುತ್ತದೋ ಇಲ್ಲವೋ ಬೇಗ ತಿಳಿಯುವುದು ಹೇಗೆ ಎಂದು ಮಾಡಿ ತೋರಿಸಿದೆ. ಕೂಸಿಗೆ ಕಾಣದಂತೆ ಹಿಂದೆ ಕೂತು, ನೆರಳು ಮುಂದೆ ಬೀಳದಂತೆ, ಚಪ್ಪಾಳೆ ತಟ್ಟಬೇಕು. ತಿರುಗಿದರೆ ಸರಿ, ತಿರುಗದಿದ್ದರೆ ದವಾಖಾನೆಗೆ ತರಬೇಕು. ಜನಕ್ಕೆ ಇದು ಭಾರೀ ಮಜಾ ಅನ್ನಿಸಿತು. ಮುಂದೆ ಕೂತವರ ಬೆನ್ನ ಹಿಂದೆ ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿ ನೋಡಿದರು. ಅದೇ ಹುರುಪಿನಲ್ಲಿ ನನ್ನ ಭಾಷಣಕ್ಕೂ ಚಪ್ಪಾಳೆ ಬಿತ್ತು. ನನ್ನ ನೌಕರಿಯಲ್ಲೇ ಅಷ್ಟು ದೊಡ್ಡ ಚಪ್ಪಾಳೆ ಬಿದ್ದಿರಲಿಲ್ಲ; ಸುಳ್ಳು ಯಾಕೆ, ಎದೆ ಉಬ್ಬಿತು.

ಆಗ ಚನ್ನಬಸಪ್ಪಜ್ಜ ರುಮಾಲು ಸರಿಮಾಡಿಕೊಂಡು ಎದ್ದ.

“ಸರ ಹೇಳಿದ್ದು ಅಗದಿ ಖರೇ ಐತಿ. ಹೊರಗಿನ ಬೀಜ ಮೊದಲನೇ ವರ್ಷ ಎದಿಮಟ ಬೆಳೀತು. ಆಹಾ ಅಂತ ಅದರ ಬೀಜಾನಽ ಇಟ್ಟು ಮರುವರ್ಷ ಬಿತ್ತಿದೆ. ಒಂದು ಗಿಡ ಮೊಣಕಾಲುದ್ದ, ಇನ್ನೊಂದಕ್ಕ ಕಾಯಿನಽ ಇಲ್ಲ. ಸಂಬಂಧಾನೂ ಹಂಗಽ. ಹೊರಗಿಂದ ತಂದ್ರ ಮಕ್ಕಳು ಛಂದ ಕಂಡಾವು, ಮೊಮ್ಮಕ್ಕಳು ಕೆಟ್ಟು ಹೋಗ್ತಾವ. ಜವಾರಿ ಬೀಜ ನಮ್ಮಪ್ಪನ ಕಾಲದಿಂದ ಬಿತ್ತಾಕತ್ತೇವಿ, ಎಂದೂ ಕೈ ಬಿಟ್ಟಿಲ್ಲ. ನನಗ ಒಂದೀಟು ಸಂಶೆ ಇತ್ತು, ಸರ ಬಗೀಹರಿಸಿದ್ರು.”

ಅಂಗಳಕ್ಕೆ ಅಂಗಳವೇ ತಲೆದೂಗಿತು. ಹೈಬ್ರಿಡ್ಡಿನ ಬೀಜ ಇಟ್ಟು ಬಿತ್ತಿ ಕೈ ಸುಟ್ಟುಕೊಳ್ಳದವನು ಆ ಊರಲ್ಲಿ ಒಬ್ಬನೂ ಇರಲಿಲ್ಲ. ಅಜ್ಜ ಹತ್ತಿಯ ಬಗ್ಗೆ ಹೇಳಿದ್ದು ಸುಳ್ಳಾಗಿದ್ದರೆ ನಾನು ಅಲ್ಲೇ ಖಂಡಿಸಬಹುದಿತ್ತು. ಅದು ಪೂರಾ ನಿಜವಾಗಿತ್ತು, ಅದೇ ನನ್ನ ಕರ್ಮ. ಬಾಯಿ ತೆರೆದೆ, ಎರಡನೇ ಸಲದ ಚಪ್ಪಾಳೆಯಲ್ಲಿ ನನ್ನ ಮಾತು ಮುಳುಗಿತು. ಹೆಂಗಸರ ಸಾಲಿನಲ್ಲಿ ಕಸ್ತೂರಿ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

ಮರುದಿನ ನಕಾಶೆ ಹೊತ್ತುಕೊಂಡು ಅಜ್ಜನ ಮನೆಗೆ ಹೋದೆ. ಮನುಷ್ಯ ಹತ್ತಿಯಲ್ಲ ಎಂದೆ. ನಿನ್ನೆ ಹತ್ತಿಯಾಗಿದ್ದನಲ್ಲ ಎಂದ. ಬಸವರಾಜನ ಕಿವುಡು ಈ ಮನೆತನದೊಳಗೇ ಅಡಗಿ ಕೂತಿದೆ, ಮತ್ತೆ ಹೊರಬೀಳಬಹುದು ಎಂದೆ. ಹಾಗಾದರೆ ಕಸ್ತೂರಿಗೆ ಯಾಕೆ ಬರಲಿಲ್ಲ ಎಂದು ಕೇಳಿದ. ಎಲ್ಲ ಕೂಸುಗಳಿಗೂ ಬರುವುದಿಲ್ಲ, ಯಾವುದಾದರೂ ಒಂದಕ್ಕೆ ಬರಬಹುದು ಎಂದೆ. ಆ ಒಂದು ನಮ್ಮ ಮನೆಯಲ್ಲಿ ಆಗಿಹೋಯಿತಲ್ಲ, ಇನ್ನು ಚಿಂತೆಯಿಲ್ಲ ಎಂದು ಅಜ್ಜ ನಿಟ್ಟುಸಿರು ಬಿಟ್ಟು ಹಗುರಾದ. ಅದು ಸರದಿಯಲ್ಲ ಅಜ್ಜಾ, ಪ್ರತಿ ಸಲವೂ ಹೊಸದಾಗಿ ಭಯ ಇದ್ದೇ ಇರುತ್ತದೆ ಎಂದು ನಕಾಶೆ ಬಿಚ್ಚತೊಡಗಿದೆ. ಅವನು ಗಿರ್ಮಿಟ್ಟಿನ ತಾಟನ್ನು ನನ್ನ ಮುಂದೆ ಸರಿಸಿ ನನ್ನ ಕೈ ಹಿಡಿದ. “ನಿನ್ನೆ ಭಾಳ ಛಲೋ ತಿಳಿಸಿ ಹೇಳೀರಿ ಸರ. ಇವತ್ತ ಅದನ್ನ ಕೆಡಸಬ್ಯಾಡ್ರಿ.” ಗಿರ್ಮಿಟ್ಟು ತಿಂದು ಎದ್ದು ಬಂದೆ. ರುಚಿಯಾಗಿತ್ತು, ಅದೂ ಒಂದು ಹೊಟ್ಟೆಉರಿ.

ಕಸ್ತೂರಿ ಮಲ್ಲಪ್ಪರ ಮದುವೆಗೆ ನನ್ನನ್ನೂ ನನ್ನ ಹೆಂಡತಿಯನ್ನೂ ಕರೆದರು. ಮುಂದಿನ ಸಾಲಿನಲ್ಲಿ ಕೂರಿಸಿ, ರುಮಾಲು ಸುತ್ತಿ, ಮನೆಯ ಸಂಶಯ ಕಳೆದವರು ಇವರೇ ಎಂದು ಬೀಗರಿಗೆಲ್ಲ ತೋರಿಸಿದರು. ಬೀಗರೂ ಅವರೇ, ಮನೆಯವರೂ ಅವರೇ. ಕಸ್ತೂರಿ ಬಂದು ಕಾಲಿಗೆ ಬಿದ್ದಳು. ಸುಖವಾಗಿರು ಎಂದೆ. ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಹೆಂಡತಿ, ನಿಮಗೆ ಹೇಳಲು ಬರುವುದಿಲ್ಲ ಎಂದು ತಿಳಿದಿದ್ದೆ, ಬರುತ್ತದೆ, ತ್ರಾಸು ಆಗಿದ್ದೇ ಅದರಿಂದ ಎಂದಳು. ಅವಳು ನನ್ನ ಪರವಾಗಿ ಮಾತಾಡಿದ್ದು ಅದೇ ಮೊದಲು. ನನಗೆ ಏನೂ ಸಮಾಧಾನವಾಗಲಿಲ್ಲ.

ಮುಂದೆ ಒಂದು ಹತ್ತಿ ಬಿಡಿಸುವ ಸುಗ್ಗಿಯಲ್ಲಿ, ಸಿಡುಬಿನ ಲಸಿಕೆಯ ದಾಕು ಹಾಕುವವರ ಜೊತೆ ಸಂಶಿಗೆ ಹೋದಾಗ ಕಸ್ತೂರಿಯ ಮನೆಯಿಂದ ಕರೆ ಬಂತು. ಪಡಸಾಲೆಯಲ್ಲಿ ಕಲಘಟಗಿಯಿಂದ ಅಜ್ಜ ಬರೆಸಿ ತಂದ ಬಣ್ಣದ ತೊಟ್ಟಿಲು ತೂಗುತ್ತಿತ್ತು. ಅಜ್ಜ ಕಂಬಕ್ಕೆ ಒರಗಿ ಕೂತಿದ್ದ. ನೆಲ ನೋಡುತ್ತಿದ್ದ. ಮಲ್ಲಪ್ಪ ಬಾಗಿಲಲ್ಲಿ ನಿಂತಿದ್ದ. ಕಸ್ತೂರಿ ಕೂಸನ್ನು ನನ್ನ ಎದುರಿಗೆ ಕೂರಿಸಿದಳು. ಕೂತು ಆಡುವ ವಯಸ್ಸಿನ ಹೆಣ್ಣು ಕೂಸು. ನನ್ನ ಮೀಸೆ ನೋಡಿ ನಕ್ಕಿತು. ಅವಳು ಅದರ ಹಿಂದೆ ಹೋಗಿ ಕೂತು, ನೆರಳು ಮುಂದೆ ಬೀಳದಂತೆ ಸ್ವಲ್ಪ ಸರಿದು, ಚಪ್ಪಾಳೆ ತಟ್ಟಿದಳು. ಕೂಸು ನನ್ನ ಮೀಸೆಯನ್ನೇ ನೋಡುತ್ತಿತ್ತು. ಮತ್ತೆ ಜೋರಾಗಿ ತಟ್ಟಿದಳು. ನನ್ನ ರೆಪ್ಪೆ ಹಾರಿತು, ಮಾಡಿನಲ್ಲಿದ್ದ ಪಾರಿವಾಳಗಳು ಎದ್ದವು. ಕೂಸು ನಗುತ್ತಲೇ ಇತ್ತು.

“ನೀವು ಕಲಿಸಿದಂಗಽ ಮಾಡೇನ್ರಿ ಸರ. ನಾ ಮಾಡೂದ್ರಾಗ ಏನರ ತಪ್ಪೈತೇನ್ರಿ?”

ತಪ್ಪು ಇದೆ ಎಂದು ನಾನು ಹೇಳಲಿ ಎಂದು ಅವಳ ಮುಖ ಕಾಯುತ್ತಿತ್ತು. “ಇಲ್ಲವಾ, ಸರಿ ಮಾಡೀದಿ” ಎಂದೆ. ನನ್ನ ಇಡೀ ನೌಕರಿಯಲ್ಲಿ ಕೇಳಿದವರಿಗೆ ಒಂದೇ ಸಲಕ್ಕೆ, ಬೇರೆ ಅರ್ಥವಿಲ್ಲದೆ ತಿಳಿದ ಮಾತು ಅದೊಂದೇ. ಅವಳು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಹೊರಗೆ ಬಂದು ಸೈಕಲ್ಲಿನ ಬೀಗ ತೆಗೆಯಲು ಹೋದರೆ ಕಣ್ಣು ಮಂಜಾಗಿ ಕೀಲಿ ಸೇರಲೇ ಇಲ್ಲ.

ಆಮೇಲೂ ನಾನು ಊರೂರಿಗೆ ಭಾಷಣ ಮಾಡಿದೆ. ಬೇರೆ ಕಸುಬು ಗೊತ್ತಿರಲಿಲ್ಲ. ಹತ್ತಿಯ ಹೆಸರೆತ್ತಲಿಲ್ಲ. ಭಾಷಣ ಮುಗಿದು ಜನ ಕೈ ಎತ್ತಿದರೆ ಸಾಕು, ಚಪ್ಪಾಳಿ ಬ್ಯಾಡ್ರಿ, ಕೈ ಮುಗಿತೇನಿ ಎಂದು ತಡೆದುಬಿಡುತ್ತಿದ್ದೆ. ಇದರಿಂದ, ಈ ಸರ ಭಾಳ ನಿಗರ್ವಿ ಮನುಷ್ಯ, ಹೊಗಳಿಕೆ ಅಂದರೆ ಆಗುವುದಿಲ್ಲ ಎಂದು ತಾಲೂಕಿನ ತುಂಬ ಹೆಸರಾಯಿತು. ಅದು ಹಾಗಲ್ಲ ಎಂದು ತಿಳಿಸಿ ಹೇಳಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಧೈರ್ಯ ಬಂದಿಲ್ಲ.