ಪ್ರೇಮನಾಥರ ಕಾರು ವಿಠ್ಠಲವಾಡಿಯಲ್ಲಿ ತಂಗುವ ಬಗ್ಗೆ

ಠಾಕುರ್ಲಿಯ ನಿವಾಸಿ, ಡೊಂಬಿವಲಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಉಡುಪಿ ಮೂಲದ ಶ್ರೀ ಪ್ರೇಮನಾಥರು ಜೀವಮಾನದಲ್ಲಿ ಯಾರಿಂದಲೂ ಒಂದು ರೂಪಾಯಿ ಸಾಲ ಪಡೆದವರಲ್ಲ ಎಂಬುದು ದಾಖಲೆಗಳಿಂದ ದೃಢಪಟ್ಟಿದೆ. ದಾಖಲೆಗಳಿಂದ ಎಂದರೆ, ದಾಖಲೆಗಳೇ ಇಲ್ಲದಿರುವುದರಿಂದ.

ಅವರಿಗೆ ಕಾರು ಬೇಕಾಗಿತ್ತು. ಏಕೆ ಬೇಕಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಶೋಕಿಗೆ ಎಂದು ಯಾರಾದರೂ ತಿಳಿದಾರು. ಅವರ ಮಗಳು ಅಶ್ಮಿತಾ ನವಿ ಮುಂಬಯಿಯ ಮಹಾಪೆ ಹತ್ತಿರ ಇದ್ದಾಳೆ. ಅವಳಿಗೆ ಹೆಣ್ಣು ಮಗುವಾಗಿದೆ. ಬಾಣಂತನ ತವರಿನಲ್ಲಿ ಆಗಬೇಕಿತ್ತು. ತಾಯಿ ಜಯಲತಾರ ಎರಡೂ ಮೊಣಕಾಲು ಒಪ್ಪದ ಕಾರಣ ಅತ್ತೆಯ ಮನೆಯಲ್ಲೇ ಆಯಿತು. ಅದೇ ಮೊಣಕಾಲುಗಳು ರೈಲ್ವೆ ಸೇತುವೆಯ ಮೆಟ್ಟಿಲನ್ನೂ ಒಪ್ಪುವುದಿಲ್ಲ. ಹೀಗಾಗಿ ಜಯಲತಾರು ಮೊಮ್ಮಗಳನ್ನು ಫೋನಿನಲ್ಲಿ ಮಾತ್ರ ನೋಡಿದ್ದರು. ಟ್ಯಾಕ್ಸಿ ಹಿಡಿಯಬಹುದಿತ್ತಲ್ಲ ಎಂದು ಕೇಳಬಹುದು. ಹಿಡಿಯುತ್ತಿದ್ದರು. ಮಹಾಪೆ ಎಂದೊಡನೆ ಶೀಳ್ ಫಾಟಾದ ಟ್ರಾಫಿಕ್ ನೆನೆದು ಚಾಲಕರು ರದ್ದು ಮಾಡುತ್ತಿದ್ದರು.

ಪ್ರೇಮನಾಥರ ಬಳಿ ಇಡೀ ಕಾರಿನ ದುಡ್ಡು ಇರಲಿಲ್ಲ, ಅರ್ಧ ಇತ್ತು. ಉಳಿದದ್ದಕ್ಕೆ ಅವರು ಕಲ್ಯಾಣದ ‘ದೃಢವಿಶ್ವಾಸ ವಾಹನ ಫೈನಾನ್ಸ್’ ಎಂಬ ಸಂಸ್ಥೆಗೆ ಹೋದರು. ಅಲ್ಲಿ ಮಾನಸಿ ಎಂಬ ಅಧಿಕಾರಿ ಕಂಪ್ಯೂಟರ್ ನೋಡಿ, ಮುಖದಲ್ಲಿ ಮರುಕ ತಂದುಕೊಂಡರು. ಅವರು ಮಾತಾಡಿದ್ದು ಮರಾಠಿ ಬೆರೆತ ಹಿಂದಿಯಲ್ಲಿ. ಎಲ್ಲರಿಗೂ ತಿಳಿಯಲೆಂದು ಇಲ್ಲಿ ಕನ್ನಡದಲ್ಲಿ ಕೊಡಲಾಗಿದೆ.

“ಅಂಕಲ್, ಸಿಸ್ಟಮ್‌ನಲ್ಲಿ ನೀವು ಇಲ್ಲ.”

“ಇಲ್ಲಿ ಕೂತಿದ್ದೇನಲ್ಲ.”

“ಕೂತಿದ್ದೀರಿ. ಆದರೆ ಯಾವತ್ತೂ ಸಾಲ ತೆಗೆದುಕೊಂಡಿಲ್ಲ. ತೆಗೆದುಕೊಂಡಿಲ್ಲ ಅಂದರೆ ತೀರಿಸಿಯೂ ಇಲ್ಲ. ಇವತ್ತಿನವರೆಗೆ ಒಂದು ಸಾಲವನ್ನೂ ತೀರಿಸದವರಿಗೆ ನಾವು ಹೇಗೆ ಕೊಡುವುದು?”

“ಅದೂ ನ್ಯಾಯವೇ” ಎಂದರು ಪ್ರೇಮನಾಥರು. ಗಿರಾಕಿಗಳ ಮಾತಿಗೆ ಎದುರಾಡದಿರುವುದು ಹೋಟೆಲಿನವರ ಪದ್ಧತಿ. ಇಲ್ಲಿ ಗಿರಾಕಿ ತಾವೇ ಎಂಬುದು ಅವರಿಗೆ ಮನೆಗೆ ಬಂದ ಮೇಲೆ ಹೊಳೆಯಿತು.

ಸಾಲದ ಇತಿಹಾಸವಿರುವ ಒಬ್ಬರು ಜೊತೆಗೆ ಸಹಿ ಹಾಕಿದರೆ ಆಗುತ್ತದೆ ಎಂದು ಮಾನಸಿ ಹೇಳಿದ್ದರು. ಜಯಲತಾರ ಅಣ್ಣ, ವಿಠ್ಠಲವಾಡಿಯ ಪುಂಡರೀಕಾಕ್ಷರಿಗೆ ಅಂಥ ಇತಿಹಾಸವಿತ್ತು. ಟಿವಿ, ಫ್ರಿಜ್ಜು, ಮಂಚ, ಮಂಚದ ಮೇಲಿನ ಹಾಸಿಗೆ ಎಲ್ಲವನ್ನೂ ಅವರು ಕಂತಿನಲ್ಲಿ ತಂದವರು. ದಂಪತಿ ಬಾಳೆಹಣ್ಣು, ಮಲ್ಲಿಗೆ ಹಿಡಿದು ರಿಕ್ಷಾದಲ್ಲಿ ಅವರ ಮನೆಗೆ ಹೋದರು.

“ಜಾಮೀನು ಅಂದ್ರೆ ಎಂತ ಗೊತ್ತುಂಟಾ ಭಾವ? ನೀವು ಕಟ್ಟದಿದ್ರೆ ನಾನು ಕಟ್ಟಬೇಕು” ಎಂದರು ಪುಂಡರೀಕಾಕ್ಷರು.

“ನಾನು ಕಟ್ತೇನೆ ಭಾವ.”

“ಎಲ್ರೂ ಹಾಗೇ ಹೇಳುದು. ನಾನೂ ಹಾಗೆ ಹೇಳಿಯೇ ಈ ಸೋಫಾ ತಂದದ್ದು.”

“ಮಗುವನ್ನು ಒಮ್ಮೆ ಎತ್ತಿಕೊಳ್ಬೇಕು ಅಂತ ಅಷ್ಟೇ ಅಣ್ಣ” ಎಂದರು ಜಯಲತಾ.

ತಂಗಿಯ ಮಾತಿಗೆ ಪುಂಡರೀಕಾಕ್ಷರು ಕರಗಿದರು, ಬಾಳೆಹಣ್ಣನ್ನು ಒಳಗಿಡಿಸಿದರು. ಒಳಗಿಡಿಸುವುದು ಎಂದರೆ ಒಪ್ಪಿಗೆ.

ಸಹಿಯ ದಿನ ಮಾನಸಿ ಸಂಸ್ಥೆಯ ಹನ್ನೊಂದನೇ ನಿಯಮವನ್ನು ಓದಿ ಹೇಳಿದರು: “ಅರ್ಜಿದಾರರಿಗೆ ಇತಿಹಾಸವಿಲ್ಲದ ಸಂದರ್ಭದಲ್ಲಿ ಜಾಮೀನುದಾರರನ್ನೇ ಮುಖ್ಯ ಸಾಲಗಾರರೆಂದೂ, ಅರ್ಜಿದಾರರನ್ನು ಸದರಿಯವರ ಜಾಮೀನುದಾರರೆಂದೂ ಭಾವಿಸತಕ್ಕದ್ದು. ವಾಹನವು ಮುಖ್ಯ ಸಾಲಗಾರರ ಹೆಸರಿನಲ್ಲಿರತಕ್ಕದ್ದು. ಕಂತನ್ನು ಯಾರಿಗೆ ವಾಹನದ ಅಗತ್ಯವಿದೆಯೋ ಅವರು ಕಟ್ಟತಕ್ಕದ್ದು.”

“ಅಂದ್ರೆ ನನ್ನ ಕಾರಿಗೆ ನಾನೇ ಜಾಮೀನು?” ಎಂದರು ಪ್ರೇಮನಾಥರು.

“ನಿಮ್ಮ ಕಾರು ಅಲ್ಲ ಅಂಕಲ್. ಅದಕ್ಕೇ ಜಾಮೀನು ಹಾಕಬಹುದು. ಸ್ವಂತ ಕಾರಿಗೆ ಯಾರೂ ಜಾಮೀನು ಹಾಕುವ ಹಾಗಿಲ್ಲ.”

ಇದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ಕಾರು ಬಂತು. ಪೂಜೆಯ ದಿನ ಭಟ್ಟರು ಯಜಮಾನರು ಯಾರೆಂದು ಕೇಳಿ, ಕಾಗದ ನೋಡಿ, ಪುಂಡರೀಕಾಕ್ಷರ ಗೋತ್ರ ನಕ್ಷತ್ರ ಹೇಳಿ ಸಂಕಲ್ಪ ಮಾಡಿದರು. ಪ್ರೇಮನಾಥರು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ದಕ್ಷಿಣೆಯನ್ನೂ ಕೊಟ್ಟರು.

ಅಂದೇ ಸಂಜೆ ಪ್ರೇಮನಾಥರ ಹೌಸಿಂಗ್ ಸೊಸೈಟಿಯ ಕಾವಲುಗಾರ ಗೇಟಿನ ಫಲಕ ತೋರಿಸಿದ. ‘ನಿವಾಸಿಗಳ ಹೆಸರಿನಲ್ಲಿಲ್ಲದ ವಾಹನಗಳು ಇಲ್ಲಿ ರಾತ್ರಿ ತಂಗತಕ್ಕದ್ದಲ್ಲ.’ ಹಾಗಾಗಿ ಕಾರು ವಿಠ್ಠಲವಾಡಿಯಲ್ಲಿ ತಂಗತೊಡಗಿತು. ಕೀಲಿಯೂ ಅಲ್ಲೇ ತಂಗಿತು.

“ಕೊಡ್ಲಿಕ್ಕೆ ನನಗೇನಿಲ್ಲ ಭಾವ” ಎಂದರು ಪುಂಡರೀಕಾಕ್ಷರು. “ಆದ್ರೆ ನೀವು ಎಲ್ಲಿಗಾದ್ರೂ ಗುದ್ದಿದ್ರೆ ಪೊಲೀಸ್ರು ಬರುದು ನನ್ನ ಮನೆಗೆ. ನೀವೇ ಇಲ್ಲಿ ಬನ್ನಿ, ನಾನು ಬಿಡ್ತೇನೆ ಮಹಾಪೆಗೆ.”

ಆ ಭಾನುವಾರ ರಿಕ್ಷಾಗಳ ಮುಷ್ಕರವಿತ್ತು. ಆದ್ದರಿಂದ ರೈಲಿನ ಮೆಟ್ಟಿಲು ತಪ್ಪಿಸಲೆಂದು ಕೊಂಡ ಕಾರನ್ನು ಹತ್ತಲು ಜಯಲತಾರು ರೈಲಿನಲ್ಲಿ ಹೋಗಬೇಕಾಯಿತು. ಠಾಕುರ್ಲಿಯ ಸೇತುವೆಯನ್ನು ಗಂಡನ ಹೆಗಲು ಹಿಡಿದು ದಾಟಿದರು. ವಿಠ್ಠಲವಾಡಿಯಲ್ಲಿ ಮತ್ತೆ ಮೆಟ್ಟಿಲು, ಮತ್ತೆ ಹೆಗಲು. ಮನೆಗೆ ಬೀಗ ಹಾಕಿತ್ತು. ಪಾರ್ಕಿಂಗ್ ಖಾಲಿಯಿತ್ತು. ಜಯಲತಾರು ಫೋನ್ ಮಾಡಿದರು.

“ನಾವು ಅಶ್ಮಿತಾನ ಮನೇಲಿದ್ದೇವೆ ಜಯಾ” ಎಂದರು ಪುಂಡರೀಕಾಕ್ಷರು. “ನಿನ್ನ ಅತ್ತಿಗೆ ಬೆಳಿಗ್ಗೆ ಎದ್ದವಳೇ ಮಗು ನೋಡ್ಬೇಕು ಅಂತ ಹಟ ಹಿಡಿದಳು. ಕಾರು ಇರುವಾಗ ಬೇಡ ಅನ್ಲಿಕ್ಕೆ ಆಗ್ತದಾ? ಮಗು ಒಳ್ಳೆ ಹುಷಾರುಂಟು. ನನ್ನ ಮಡಿಲಲ್ಲೇ ನಿದ್ದೆ ಹೋಯ್ತು. ಫೋಟೋ ಹಾಕ್ತೇನೆ.”

ಫೋಟೋ ಬಂತು. ಜಯಲತಾರು ಮೆಟ್ಟಿಲಿನ ಮೇಲೆ ಕೂತು ಅದನ್ನು ದೊಡ್ಡದು ಮಾಡಿ ನೋಡಿದರು. ಅಣ್ಣನ ಶರ್ಟಿನ ಗುಂಡಿಯನ್ನು ಮಗು ಗಟ್ಟಿಯಾಗಿ ಹಿಡಿದುಕೊಂಡಿತ್ತು.

“ಕಂತು ಕಟ್ಟುದು ನಿಲ್ಲಿಸಿ” ಎಂದರು ಗಂಡನಿಗೆ.

“ನಿಲ್ಲಿಸಿದ್ರೆ ಭಾವನ ಹೆಸರು ಹಾಳಾಗ್ತದಲ್ಲ” ಎಂದರು ಪ್ರೇಮನಾಥರು. ಅವರು ನಿಲ್ಲಿಸಲಿಲ್ಲ. ಪ್ರತಿ ತಿಂಗಳೂ ಗಡುವಿಗೆ ಮುಂಚೆಯೇ ಕಟ್ಟಿದರು.

ಇದರ ಫಲವಾಗಿ ಕೆಲವು ತಿಂಗಳ ನಂತರ ಮಾನಸಿಯವರೇ ಫೋನ್ ಮಾಡಿದರು. “ಅಭಿನಂದನೆ ಅಂಕಲ್. ಜಾಮೀನುದಾರರಾಗಿ ನಿಮ್ಮ ಇತಿಹಾಸ ಶುರುವಾಗಿದೆ, ಸ್ಕೋರು ಬಹಳ ಚೆನ್ನಾಗಿದೆ.”

“ಹಾಗಾದ್ರೆ ನನ್ನ ಹೆಸರಿಗೆ ಕಾರು ಸಿಗ್ತದಾ?”

“ಹೊಸ ಸಾಲ ಸಿಗಲ್ಲ ಅಂಕಲ್, ಈಗಾಗಲೇ ಒಂದು ಕಂತು ಕಟ್ತಾ ಇದ್ದೀರಲ್ಲ. ಆದರೆ ಬೇರೆಯವರ ಸಾಲಕ್ಕೆ ಜಾಮೀನು ನಿಲ್ಲಬಹುದು.”

ಪ್ರೇಮನಾಥರು ಫೋನ್ ಇಟ್ಟರು. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಜಯಲತಾರು ಮೊರ ಕೆಳಗಿಟ್ಟರು. ಹನ್ನೊಂದನೇ ನಿಯಮವನ್ನು ಅವರು ಗಂಡನಿಗಿಂತ ಚೆನ್ನಾಗಿ ಕೇಳಿಸಿಕೊಂಡಿದ್ದರು. ಊರವರ ಪರಿಚಯದಲ್ಲಿ ಒಂದು ರೂಪಾಯಿಯೂ ಸಾಲವಿಲ್ಲದ ಮರ್ಯಾದಸ್ಥರು ಯಾರಿದ್ದಾರೆಂದು ಅವರು ವಿಚಾರಿಸತೊಡಗಿದರು.

ಮುಂದಿನ ವಾರ ಸಾತ್ವಿಕ ಎಂಬ ತರುಣ ಬಾಳೆಹಣ್ಣು ಹಿಡಿದು ಬಂದ. ಡೊಂಬಿವಲಿಯವನು, ಮಹಾಪೆಯ ಕಂಪನಿಯೊಂದರಲ್ಲಿ ಕೆಲಸ. ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿ ಕಾರು ಕೊಳ್ಳಬೇಕೆಂದಿದ್ದ. ಇತಿಹಾಸವಿರಲಿಲ್ಲ.

“ಯಾವ ಬಣ್ಣ?” ಎಂದು ಕೇಳಿದರು ಜಯಲತಾ.

“ವೈಟ್ ಅಂತ ಸೋಚಾ ಹೈ ಆಂಟಿ.”

“ಬಿಳಿ ಬೇಡ ಮಗಾ, ಬೇಗ ಮಣ್ಣಾಗ್ತದೆ. ನಮಗೆ ನೀಲಿ ಆಗಬಹುದು. ಸೀಟು ಸ್ವಲ್ಪ ಎತ್ತರ ಇರ್ಲಿ, ಮೊಣಕಾಲು ಮಡಚಲಿಕ್ಕೆ ಆಗುದಿಲ್ಲ. ಕಂತು ಮಾತ್ರ ತಪ್ಪಿಸ್ಬೇಡ, ಇವರ ಹೆಸರಿನ ಪ್ರಶ್ನೆ.”

ಬಾಳೆಹಣ್ಣು ಒಳಗೆ ಹೋಯಿತು.

ನೀಲಿ ಕಾರು ಪ್ರೇಮನಾಥರ ಹೆಸರಿನಲ್ಲಿರುವುದರಿಂದ ಅದಕ್ಕೆ ಗೇಟಿನಲ್ಲಿ ಅಡ್ಡಿಯಾಗಲಿಲ್ಲ. ಜಯಲತಾರು ಅದರಲ್ಲೇ ಮಹಾಪೆಗೆ ಹೋಗಿ ಮೊಮ್ಮಗಳನ್ನು ಎತ್ತಿಕೊಂಡರು. ಮಗು ಮೊದಲು ಅತ್ತಿತು, ಆಮೇಲೆ ಅವರ ಕರಿಮಣಿ ಹಿಡಿದು ಎಳೆಯಿತು. ಅಂದು ಇಡೀ ಮಧ್ಯಾಹ್ನ ಅವರು ಮಗುವನ್ನು ಕೆಳಗಿಳಿಸಲಿಲ್ಲ.

ಸಾತ್ವಿಕ ಈಗಲೂ ಬಸ್ಸಿನಲ್ಲೇ ಹೋಗುತ್ತಾನೆ. ಅವನಿಗೆ ಬೇಸರವೇನಿಲ್ಲ, ಕಂತು ಸರಿಯಾಗಿ ಕಟ್ಟುತ್ತಿದ್ದಾನೆ. ಮೊನ್ನೆ ಅವನ ತಂಗಿಯ ಗಂಡ ಕಂತಿನಲ್ಲಿ ಒಂದು ಫೋನು ತೆಗೆದುಕೊಳ್ಳಲು ಹೊರಟಿದ್ದನಂತೆ. ಸಾತ್ವಿಕ ಅಂಗಡಿಯವರೆಗೂ ಓಡಿ ಹೋಗಿ, ತನ್ನ ಕೈಯಿಂದಲೇ ನಗದು ಕೊಟ್ಟು ಕೊಡಿಸಿದನಂತೆ. ಭಾವನ ಹೆಸರು ಇಷ್ಟು ವರ್ಷ ಸಾಲವಿಲ್ಲದೆ ಶುದ್ಧವಾಗಿ ಉಳಿದಿದೆ, ಸಾತ್ವಿಕನ ಇತಿಹಾಸ ಸಿದ್ಧವಾಗುವವರೆಗೆ ಇನ್ನು ಆರು ತಿಂಗಳು ಹೇಗಾದರೂ ಕಾಪಾಡಬೇಕು ಎಂಬುದು ಮನೆಯವರೆಲ್ಲರ ಅಭಿಪ್ರಾಯವೂ ಆಗಿದೆ.